12 ದಿನ ಕಣ್ಣಿಟ್ಟು ನೋಡಿಕೊಂಡರು, 13ನೆಯ ದಿನ ಮರೆತರು

ಹದಿಹರೆಯದವರನ್ನು ಕಾಡು ಬೆಟ್ಟಗಳಲ್ಲಿ ನಡೆಸಿ ನಾಯಕತ್ವ ಕಲಿಸುವ 12 ದಿನಗಳ ಶಿಬಿರವೊಂದಕ್ಕೆ ನನ್ನ ಮಗಳು ಹೋಗಿ ಬಂದು ಏಳು ತಿಂಗಳಾಯಿತು. ಹಿಂತಿರುಗಿದ ಮರುದಿನವೇ ಸಂಸ್ಥೆಯಿಂದ ನನ್ನ ಮೊಬೈಲಿಗೆ ಸಂದೇಶ ಬಂದಿತ್ತು: ನಿಮ್ಮ ಅನುಭವ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ? ನಾನು ಕೊಡಲಿಲ್ಲ. ಆ ದಿನ ಒತ್ತಿದ್ದರೆ ಐದನ್ನೂ ಒತ್ತಿಬಿಡುತ್ತಿದ್ದೆ. ಎರಡು ತಿಂಗಳ ಮೇಲೆ ಕೇಳಿದ್ದರೆ ಒಂದು ಕೊಡುವುದಕ್ಕೂ ಕೈ ಬರುತ್ತಿರಲಿಲ್ಲ. ಈಗ ಎಷ್ಟು ಎಂಬುದು ನಕ್ಷತ್ರದ ಲೆಕ್ಕಕ್ಕೆ ಸಿಗುವಂತಿಲ್ಲ, ಆದ್ದರಿಂದ ಇಷ್ಟುದ್ದ ಬರೆಯಲು ಕುಳಿತಿದ್ದೇನೆ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಇಂಥ ಶಿಬಿರಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ನಡೆಯುತ್ತವೆ, ನನ್ನ ತಕರಾರಿರುವುದು ಆ ಅಚ್ಚಿನ ಮೇಲೆಯೇ.

ಮೊದಲೇ ಹೇಳಿಬಿಡುತ್ತೇನೆ, ನಾನು ನರ್ಸ್. 19 ವರ್ಷದಿಂದ ವಾರ್ಡಿನಲ್ಲಿದ್ದೇನೆ. ಹೊಸ ಜಾಗಕ್ಕೆ ಹೋದರೆ ಉಳಿದವರು ನೋಟ ನೋಡುತ್ತಾರೆ, ನಾನು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಎಲ್ಲಿದೆ ಎಂದು ನೋಡುತ್ತೇನೆ. ಈ ವಿಮರ್ಶೆಯಲ್ಲಿ ಬೆಟ್ಟದ ಸೊಬಗಿಗಿಂತ ಕಾಲಿನ ಬೊಬ್ಬೆ, ಬ್ಯಾಂಡೇಜುಗಳೇ ಹೆಚ್ಚು ಬಂದರೆ ಸಹಿಸಿಕೊಳ್ಳಿ.

ಮಗಳಿಗೆ 16. ಅವಳಿಗೆ ನಾಯಕತ್ವವನ್ನು ಯಾರೂ ಕಲಿಸಬೇಕಾಗಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು. ತರಗತಿಯ ಮುಂದಾಳು ಅವಳೇ, ಆಟದ ತಂಡದ ನಾಯಕಿ ಅವಳೇ. ನಾಲ್ಕು ಜನ ಸೇರಿದಲ್ಲಿ ಐದು ನಿಮಿಷ ಕಳೆಯುವುದರೊಳಗೆ ಅವಳ ದನಿಯೇ ಮೇಲಾಗಿರುತ್ತಿತ್ತು. ಅವಳನ್ನು ಕಳುಹಿಸಿದ್ದು ನಾಯಕತ್ವಕ್ಕಾಗಿ ಅಲ್ಲ. ಎರಡು ವಾರ ಮೊಬೈಲ್ ಬಿಟ್ಟು, ಬೆವರು ಸುರಿಸಿ, ತನ್ನ ತಟ್ಟೆ ತಾನೇ ತೊಳೆದುಕೊಂಡು ಬರಲಿ ಎಂದು, ಅಷ್ಟೇ. ಕರಪತ್ರದಲ್ಲಿ 'ಮಾರ್ಗದರ್ಶನ' ಎಂಬ ಪದ ಹನ್ನೊಂದು ಸಲ ಇತ್ತು. ಎಣಿಸಿದ್ದು ಆಮೇಲೆ, ಸಿಟ್ಟು ಬಂದಾಗ.

ಹೊರಡುವ ಮೊದಲಿನ ತಯಾರಿಗೆ ಪೂರ್ತಿ ಅಂಕ ಕೊಡುತ್ತೇನೆ. ಆರೋಗ್ಯದ ಅರ್ಜಿಯೇ ನಾಲ್ಕು ಪುಟ. ಚಿಕ್ಕಂದಿನಲ್ಲಿ ಅವಳಿಗೆ ಉಬ್ಬಸವಿತ್ತು ಎಂದು ಬರೆದಿದ್ದೆ. ಮೂರನೆಯ ದಿನ ಫೋನ್ ಬಂತು: ಕೊನೆಯ ಸಲ ಇನ್‌ಹೇಲರ್ ಬಳಸಿದ್ದು ಯಾವಾಗ, ಚಳಿಗೆ ಬರುತ್ತಿತ್ತೋ ಓಟಕ್ಕೋ, ಎರಡು ಇನ್‌ಹೇಲರ್ ಕಳುಹಿಸಿ, ಒಂದು ಅವಳ ಬಳಿ ಇರುತ್ತದೆ, ಇನ್ನೊಂದು ನಮ್ಮ ಬಳಿ. ಅರ್ಜಿಗಳನ್ನು ಬರೆಸಿಕೊಂಡು ಕಪಾಟಿಗೆ ಸೇರಿಸುವವರನ್ನೇ ನೋಡಿದ ನನಗೆ, ಓದಿದವರೊಬ್ಬರು ಸಿಕ್ಕಿದ್ದು ಆಶ್ಚರ್ಯವಾಯಿತು. ಜೋರಾದ ಪೆಟ್ಟಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಪ್ರತಿ ರಾತ್ರಿಯ ತಂಗುದಾಣದಿಂದ ವಾಹನ ಬರುವ ರಸ್ತೆಗೆ ನಡಿಗೆಯಲ್ಲಿ ಎಷ್ಟು ಹೊತ್ತು, ಹೊತ್ತು ತರುವುದಾದರೆ ಎಷ್ಟು ಹೊತ್ತು ಎಂದು ಎರಡು ಕಾಲಂನಲ್ಲಿ ಬರೆದಿಟ್ಟ ಹಾಳೆಯನ್ನು ಕಳುಹಿಸಿದರು. ಆ ಎರಡನೆಯ ಕಾಲಂ ನೋಡಿ ಹಣ ಕಟ್ಟಿದೆ. ಶುಲ್ಕ ಕಡಿಮೆಯೇನಲ್ಲ.

ಸಾಮಾನಿನ ಪಟ್ಟಿಯಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದರು: ಹೊಸ ಬೂಟು ತರಬೇಡಿ, ಕೆಲವು ವಾರವಾದರೂ ಹಾಕಿ ನಡೆದಿದ್ದಿರಲಿ. ನನ್ನ ಮಗಳು ಹೊಸ ಬೂಟನ್ನೇ ಡಬ್ಬಿಯಿಂದ ತೆಗೆದು ಹಾಕಿಕೊಂಡು ಹೋದಳು. ಹೇಳಿದರೆ ಕೇಳುವವಳಲ್ಲ ಎನ್ನುವುದು ಇಲ್ಲಿಂದಲೇ ಗೊತ್ತಾಗಬೇಕಿತ್ತು. ಆದರೂ ಅವಳ ಕಾಲು ಉಳಿಯಿತು, ಕಾರಣ ಹೀಗೆ. ಮೊದಲ ದಿನ ನಡೆಯಲು ಶುರು ಮಾಡಿ 20 ನಿಮಿಷವಾಗಿತ್ತು, ಯಾರಿಗೂ ದಣಿವಾಗಿರಲಿಲ್ಲ. ಮಾರ್ಗದರ್ಶಕಿ ಎಲ್ಲರನ್ನೂ ಕೂರಿಸಿ ಬೂಟು, ಕಾಲುಚೀಲ ಬಿಚ್ಚಿಸಿದರಂತೆ. ಎಲ್ಲಿ ಕೆಂಪಾಗಿದೆ, ಎಲ್ಲಿ ಬಿಸಿಯೆನಿಸುತ್ತದೆ ಎಂದು ಬೆರಳಲ್ಲಿ ಒತ್ತಿ ನೋಡಿಸಿ, ಅಲ್ಲಿಗೆ ಬೊಬ್ಬೆ ಏಳುವ ಮೊದಲೇ ಅಂಟುಪಟ್ಟಿ ಹಾಕಿಸಿದರು. ಬೊಬ್ಬೆ ಎದ್ದ ಮೇಲೆ ಮದ್ದು ಹಚ್ಚುವವರು ಬೇಕಾದಷ್ಟು ಜನ ಇದ್ದಾರೆ. ಏಳುವ ಮೊದಲು ಬೂಟು ಬಿಚ್ಚಿಸುವವರು ಅಪರೂಪ.

12 ಮಕ್ಕಳು, ಇಬ್ಬರು ಮಾರ್ಗದರ್ಶಕರು, ಒಬ್ಬಾಕೆ, ಒಬ್ಬಾತ. ಇಬ್ಬರೂ ವೈದ್ಯರು ಸಿಗದ ದೂರದ ಜಾಗಗಳಿಗೆಂದೇ ಇರುವ, ಸುಮಾರು 80 ಗಂಟೆಗಳ ಪ್ರಥಮ ಚಿಕಿತ್ಸಾ ತರಬೇತಿ ಪಡೆದವರು. ದಿನಕ್ಕಿಬ್ಬರಂತೆ ಮಕ್ಕಳೇ ನಾಯಕರು. ನಕ್ಷೆ, ದಿಕ್ಸೂಚಿ, ಗಡಿಯಾರ ಅವರ ಕೈಯಲ್ಲಿ. ಎಷ್ಟಕ್ಕೆ ಏಳಬೇಕು, ಎಲ್ಲಿ ನಿಲ್ಲಬೇಕು, ಟೆಂಟ್ ಎಲ್ಲಿ ಹೂಡಬೇಕು, ಎಲ್ಲ ಅವರದೇ ತೀರ್ಮಾನ. ಮಾರ್ಗದರ್ಶಕರು ಸಾಲಿನ ಕೊನೆಯಲ್ಲಿ ನಡೆಯುತ್ತಾರೆ. ಇದು ಇವರು ಕಂಡುಹಿಡಿದದ್ದಲ್ಲ. ಆಮೇಲೆ ರಾತ್ರಿಪಾಳಿಗಳಲ್ಲಿ ಓದಿ ತಿಳಿದುಕೊಂಡೆ. ಜರ್ಮನಿ ಬಿಟ್ಟು ಬಂದ ಶಿಕ್ಷಣತಜ್ಞ ಕರ್ಟ್ ಹಾನ್, ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಜೊತೆ ಸೇರಿ 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ಕಟ್ಟಿದ. ಆಗ ಯುದ್ಧಕಾಲ. ಮುಳುಗಿದ ಹಡಗುಗಳಿಂದ ಜೀವರಕ್ಷಕ ದೋಣಿಗೆ ಇಳಿದ ಮೇಲೆ, ಗಟ್ಟಿಮುಟ್ಟಾದ ಹುಡುಗರಿಗಿಂತ ವಯಸ್ಸಾದ ನಾವಿಕರೇ ಹೆಚ್ಚು ಬದುಕುತ್ತಾರೆ ಎಂಬುದು ಹೋಲ್ಟ್‌ನ ಅನಿಸಿಕೆಯಾಗಿತ್ತು. ಹುಡುಗರಿಗೆ ಇಲ್ಲದ್ದು ತೋಳ್ಬಲವಲ್ಲ, ಕಷ್ಟವನ್ನು ಹಿಂದೆ ಒಮ್ಮೆ ಕಂಡು ಅದರಿಂದ ಎದ್ದು ಬಂದ ನೆನಪು. ಆ ನೆನಪನ್ನು ಮೊದಲೇ ಕೊಟ್ಟುಬಿಡೋಣ ಎಂಬುದು ಶಾಲೆಯ ಉದ್ದೇಶ. ಬಂದರು ಬಿಟ್ಟು ಕಡಲಿಗೆ ಮುಖ ಮಾಡಿದ ಹಡಗಿಗೆ ಇಂಗ್ಲಿಷಿನಲ್ಲಿ ಔಟ್‌ವರ್ಡ್ ಬೌಂಡ್ ಎನ್ನುತ್ತಾರೆ, ಹೆಸರು ಅದರಿಂದ. ಆಸ್ಪತ್ರೆಯಲ್ಲಿ ನಾನೂ ಇದನ್ನು ಕಂಡಿದ್ದೇನೆ. ಹಿಂದೊಮ್ಮೆ ದೊಡ್ಡ ಕಾಯಿಲೆ ಮಲಗಿ ಎದ್ದವರು ಎರಡನೆಯ ಸಲ ಬೇರೆಯೇ ರೀತಿಯಲ್ಲಿ ಮಲಗಿರುತ್ತಾರೆ.

ಇನ್ನೊಂದು ಎಳೆ ಪರ್ವತಾರೋಹಿ ಪಾಲ್ ಪೆಟ್ಜೋಲ್ಟ್ 1965ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಶುರು ಮಾಡಿದ ಹೊರಾಂಗಣ ನಾಯಕತ್ವ ಶಾಲೆಯದು. ಅಲ್ಲಿ ನಾಯಕತ್ವವನ್ನು ನಾಲ್ಕು ಪಾತ್ರಗಳಾಗಿ ನೋಡುತ್ತಾರೆ. ವಹಿಸಿಕೊಟ್ಟ ನಾಯಕತ್ವ ಒಂದು, ಸಮಾನರಾಗಿ ಹಂಚಿಕೊಂಡು ನಡೆಸುವುದು ಇನ್ನೊಂದು, ತನ್ನನ್ನು ತಾನು ನೋಡಿಕೊಳ್ಳುವುದು ಮತ್ತೊಂದು. ನಾಲ್ಕನೆಯದು, ಬೇರೆಯವರು ಮುಂದಿರುವಾಗ ಕಣ್ಣು ಕಿವಿ ತೆರೆದುಕೊಂಡು ಚೆನ್ನಾಗಿ ಹಿಂಬಾಲಿಸುವುದು. ಹಿಂಬಾಲಿಸುವುದೂ ನಾಯಕತ್ವ ಎಂದರೆ ನನ್ನ ಮಗಳು ನಗುತ್ತಿದ್ದಳು. ಮೊದಲ ನಾಲ್ಕು ದಿನ ನಕ್ಕಳು ಕೂಡ.

ಐದನೆಯ ದಿನ ಅವಳ ಸರದಿ.

ಅಂದು ನಡೆದದ್ದು ನನಗೆ ಗೊತ್ತಾದದ್ದು ತಂಡದ ದಿನಚರಿ ಪುಸ್ತಕದಿಂದ. ಪ್ರತಿ ಸಂಜೆ ಒಬ್ಬರು ಬರೆಯಬೇಕು. ಮೇಣದ ಕಲೆ, ಮಣ್ಣಿನ ಹೆಬ್ಬೆರಳು, ಒದ್ದೆಯಾಗಿ ಉಬ್ಬಿದ ಹಾಳೆಗಳ ಆ ಪುಸ್ತಕವನ್ನು ಕೊನೆಯಲ್ಲಿ ಪೋಷಕರಿಗೆ ಓದಲು ಕೊಟ್ಟರು. ಐದನೆಯ ದಿನದ ಪುಟವನ್ನು ಬೇರೊಬ್ಬ ಹುಡುಗಿ ಬರೆದಿದ್ದಳು, ಉಳಿದದ್ದನ್ನು ಆಮೇಲೆ ಮಗಳ ಬಾಯಿಂದ ತುಂಡುತುಂಡಾಗಿ ಕೇಳಿದೆ.

ಬೆಳಿಗ್ಗೆ ಅವಳು ಲೆಕ್ಕ ಹಾಕಿದಳು. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಎಲ್ಲ ಕಡೆ ಕಲಿಸುತ್ತಾರಂತೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದಿನ ದಾರಿ 10 ಕಿ.ಮೀ., ಏರು 600 ಮೀಟರ್. ಮೂರು ಗಂಟೆ. ಬೆನ್ನ ಮೇಲಿನ ಭಾರಕ್ಕೆ, ವಿಶ್ರಾಂತಿಗೆ ಒಂದೂವರೆ ಗಂಟೆ ಸೇರಿಸಿ ತಲುಪುವ ವೇಳೆಯನ್ನು ನಿಮಿಷದ ತನಕ ಘೋಷಿಸಿದಳು. ಲೆಕ್ಕ ಸರಿಯಾಗಿತ್ತು. ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಹುಡುಗನನ್ನು ಮಾತ್ರ ಅದರಲ್ಲಿ ಸೇರಿಸಿರಲಿಲ್ಲ.

ದಾರಿ ಕವಲೊಡೆಯುವಲ್ಲಿ ಅದೇ ನಿಧಾನದ ಹುಡುಗ ಹೇಳಿದನಂತೆ: "ನಕ್ಷೆಯಲ್ಲಿ ಹಳ್ಳ ನಮ್ಮ ಎಡಗಡೆಗೆ ಇರಬೇಕು. ಇಲ್ಲಿ ಬಲಗಡೆಗೆ ಕೇಳಿಸುತ್ತಿದೆ." ಅವಳು ಹೇಳಿದ್ದು: "ನಕ್ಷೆ ನನ್ನ ಕೈಯಲ್ಲಿದೆ." ಈ ಮಾತನ್ನು ಓದಿದಾಗ ಅವಳ ದನಿ, ತಲೆ ಕೊಡವುವ ರೀತಿ, ಎಲ್ಲ ಕಣ್ಣಿಗೆ ಕಟ್ಟಿತು. ಅದು ನನ್ನದೇ ದನಿ ಎಂದು ನನ್ನ ಗಂಡ ಹೇಳುತ್ತಾರೆ. ಇರಲಿ.

50 ನಿಮಿಷ ಅವರು ಬೇರೆ ಕಣಿವೆಗೆ ಇಳಿದರು. ಕೊನೆಯಲ್ಲಿದ್ದ ಮಾರ್ಗದರ್ಶಕಿಗೆ ಮೊದಲ ನಿಮಿಷದಿಂದಲೇ ಗೊತ್ತಿತ್ತು. ಸುಮ್ಮನೆ ನಡೆದರು. ಕಣಿವೆಯ ತಳದಲ್ಲಿ ನೀರು ಕುಡಿಯಲು ನಿಂತಾಗ, ನಕ್ಷೆಯನ್ನು ಬಂಡೆಯ ಮೇಲೆ ಹರಡಲು ಹೇಳಿದರು. "ಯಾರೂ ಮಾತನಾಡಬೇಡಿ. ನಾವು ಈಗ ಎಲ್ಲಿದ್ದೇವೆ ಎಂದು ನಿಮಗನಿಸುತ್ತದೋ ಅಲ್ಲಿ ಪ್ರತಿಯೊಬ್ಬರೂ ಒಂದು ಬೆರಳಿಡಿ." ಹನ್ನೆರಡು ಬೆರಳು. ಎಂಟು ಬೆರಳು ಮಗಳ ಬೆರಳಿನ ಸುತ್ತ ಗುಂಪಾಗಿ ಕೂತವು, ಎರಡು ಅತ್ತಿತ್ತ ಅಲೆದವು. ಹುಡುಗನ ಬೆರಳೊಂದೇ ನಾಲ್ಕು ಅಂಗುಲ ಆಚೆ, ಬೇರೆ ಕಣಿವೆಯಲ್ಲಿ. ಮಾರ್ಗದರ್ಶಕಿ ಯಾವ ಬೆರಳು ಸರಿ ಎಂದು ಹೇಳಲಿಲ್ಲ. ಆ ಹುಡುಗನಿಗೆ, ನೀನು ಅಲ್ಲಿಟ್ಟದ್ದು ಏಕೆ ಎಂದು ಕೇಳಿದರು. ಅವನು ಹಳ್ಳ ತೋರಿಸಿದ, ನಕ್ಷೆಯಲ್ಲಿ ಎತ್ತರ ತೋರಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುವ ಕಡಿದಾದ ಬದಿಯನ್ನು ತೋರಿಸಿದ, ತಲೆ ಎತ್ತಿ ಎದುರಿನ ಬಂಡೆಗೋಡೆಯನ್ನು ತೋರಿಸಿದ. ಒಂಬತ್ತು ಬೆರಳು ಒಂದೊಂದಾಗಿ ಎದ್ದವು. ನನ್ನ ಮಗಳ ಬೆರಳು ಕೊನೆಗೆ ಎದ್ದಿತು ಎಂದು ದಿನಚರಿಯಲ್ಲಿದೆ.

ಇಳಿದದ್ದನ್ನೆಲ್ಲ ಮತ್ತೆ ಏರಬೇಕು. ಏರುವಾಗ ಮಳೆ ಹಿಡಿಯಿತು. ಆಗ ಒಬ್ಬಳು ಹುಡುಗಿ ಎಡವತೊಡಗಿದಳು, ಮಾತು ತೊದಲಿತು, ಬ್ಯಾಗಿನ ಕೊಂಡಿ ಬಿಚ್ಚಲಾರದೆ ಸಿಡಿಮಿಡಿಗೊಂಡಳು. ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಎದ್ದುನಿಂತೆ. ಎಡವುವುದು, ತೊದಲುವುದು, ಕೈ ತಡವರಿಸುವುದು, ಕಾರಣವಿಲ್ಲದೆ ಸಿಡುಕುವುದು, ನಾಲ್ಕೂ ಮೈಯೊಳಗಿನ ಶಾಖ ಇಳಿಯುತ್ತಿರುವುದರ ಗುರುತು. 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಕಾಯಿಲೆ, ಹಟವಲ್ಲ. ಮುಂದಿನ ಸಾಲು ಓದಿ ಕುಳಿತೆ. ಮಾರ್ಗದರ್ಶಕಿ ಸಾಲಿನ ಕೊನೆಯಿಂದ ಮುಂದೆ ಬಂದು "ಈಗ ನಾಯಕತ್ವ ನನ್ನದು" ಎಂದರು. ಸಮತಟ್ಟಾದ ಮೊದಲ ಜಾಗದಲ್ಲಿ ಟೆಂಟ್ ಎದ್ದಿತು. ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ತೊಡಿಸಿ, ನೆಲದ ತಣ್ಪು ತಾಗದಂತೆ ಎರಡು ಚಾಪೆ ಹಾಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಸಿ, ಬಿಸಿ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಅಂದಿನ ಗುರಿ ಅಲ್ಲಿಗೇ ಬಿಟ್ಟರು. ತಾಸು ಕಳೆಯುವುದರೊಳಗೆ ಹುಡುಗಿ ನಗುತ್ತಿದ್ದಳಂತೆ.

ದಾರಿ ತಪ್ಪಲು ಬಿಟ್ಟರು, ಮೈ ತಣ್ಣಗಾಗಲು ಬಿಡಲಿಲ್ಲ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಗೊತ್ತಿರುವ ಒಬ್ಬರು ಜೊತೆಗಿರಲಿ ಎಂದೇ ಹಣ ಕೊಡುತ್ತೇವೆ. ಉಳಿದ ಹಗ್ಗ, ಬಂಡೆ, ತೆಪ್ಪಗಳೆಲ್ಲ ಬಾಡಿಗೆಗೆ ಸಿಗುತ್ತವೆ.

ಸಂಜೆ ಸುತ್ತ ಕೂತು ದಿನದ ಮಾತು. ಪ್ರತಿಯೊಬ್ಬರೂ ನಾಯಕರಿಗೆ ಎರಡು ಸಾಲು ಹೇಳಬೇಕು: ನೀನು ಮಾಡಿದ್ದು ಇದು, ಅದರಿಂದ ನನಗಾದದ್ದು ಇದು. ನೀನು ಅಹಂಕಾರಿ, ನೀನು ಒಳ್ಳೆಯವಳು ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ನಿಧಾನದ ಹುಡುಗ ಹೇಳಿದ್ದು ದಿನಚರಿಯಲ್ಲಿದೆ: "ನಾನು ಹೇಳಿದ್ದು ನಿನಗೆ ಕೇಳಿಸಿತು. ಆದರೂ ನೀನು ನಡೆದೆ. ಆಮೇಲೆ ಇಡೀ ದಿನ ನಾನು ಏನೂ ಹೇಳಬಾರದು ಎಂದುಕೊಂಡೆ." ಅದರ ಕೆಳಗಿನ ಸಾಲಿಗೆ ಕಾಟು ಹೊಡೆಯಲಾಗಿತ್ತು. ಬೆಳಕಿಗೆ ಹಿಡಿದು ಓದಿದೆ: "ಇಂದಿನ ನಾಯಕಿ ಅತ್ತಳು." ಬರೆದ ಶಾಯಿ ನೀಲಿ. ಕಾಟು ಹಸಿರು ಶಾಯಿಯದು. ಹಸಿರು ಪೆನ್ನು ನಾನೇ ಕೊಡಿಸಿದ್ದು.

ಮರುದಿನದಿಂದ ಅವಳು ಸಾಲಿನ ಕೊನೆಗೆ ಹೋದಳು. ಯಾರೂ ಕಳುಹಿಸಿದ್ದಲ್ಲ, ಕೇಳಿ ಪಡೆದದ್ದು. ಎಲ್ಲರಿಗಿಂತ ಹಿಂದೆ ನಡೆದು, ಯಾರೂ ಉಳಿದುಹೋಗದಂತೆ ನೋಡುವ ಆ ಕೆಲಸಕ್ಕೆ ಮಕ್ಕಳು 'ಬಾಲ' ಎಂದು ಹೆಸರಿಟ್ಟಿದ್ದರು. ಒಂಬತ್ತನೆಯ ದಿನ ಒಂಟಿವಾಸ: 24 ಗಂಟೆ ಪ್ರತಿಯೊಬ್ಬರೂ ಒಂದೊಂದು ಮರದ ಕೆಳಗೆ, ಪುಸ್ತಕವಿಲ್ಲ, ಗಡಿಯಾರವಿಲ್ಲ, ಸೀಟಿ ಊದಿದರೆ ಕೇಳಿಸುವಷ್ಟು ದೂರದಲ್ಲಿ ಮಾರ್ಗದರ್ಶಕರು. ದಿನಕ್ಕೆರಡು ಸಲ ಗುರುತಿನ ಕಲ್ಲನ್ನು ಅತ್ತಿಂದಿತ್ತ ಸರಿಸಿಟ್ಟು, ಚೆನ್ನಾಗಿದ್ದೇನೆ ಎಂದು ಮಾತಿಲ್ಲದೆ ತಿಳಿಸಬೇಕು. ಆ ದಿನ ಏನು ಮಾಡಿದೆ ಎಂದು ಎಷ್ಟು ಕೇಳಿದರೂ ಅವಳು ಹೇಳಿಲ್ಲ. ಇರುವೆ ಎಣಿಸಿದೆ ಎನ್ನುತ್ತಾಳೆ.

ಕೊನೆಯ ಎರಡು ದಿನ, ಒಂದು ರಾತ್ರಿ, ಪೋಷಕರೂ ಜೊತೆ ನಡೆಯಬಹುದು. ಇದು ಈ ಸಂಸ್ಥೆಯ ಅತ್ಯುತ್ತಮ ಏರ್ಪಾಡು, ಕರಪತ್ರದಲ್ಲಿ ಮಾತ್ರ ಒಂದೇ ಸಾಲು. ನಾನು ರಜೆ ಹಾಕಿ ಹೋದೆ. ಅರ್ಧ ಗಂಟೆಯಲ್ಲಿ ನನ್ನ ಹೆಗಲು ಬಿದ್ದುಹೋಗುವಂತಾಯಿತು. ಬಾಲದಲ್ಲಿದ್ದ ಮಗಳು ನನ್ನನ್ನು ನಿಲ್ಲಿಸಿ, ಹೆಗಲಪಟ್ಟಿ ಸಡಿಲಿಸಿ, ಸೊಂಟದ ಪಟ್ಟಿ ಎಳೆದು ಕಟ್ಟಿದಳು. "ಅಮ್ಮ, ಭಾರ ಹೆಗಲ ಮೇಲಲ್ಲ, ಸೊಂಟದ ಮೇಲೆ ಕೂರಬೇಕು." ಹಿಂದೆ ಆಗಿದ್ದರೆ ಇದನ್ನು ಹತ್ತು ಜನರಿಗೆ ಕೇಳುವಂತೆ ಹೇಳುತ್ತಿದ್ದಳು. ಈಗ ನನಗೊಬ್ಬಳಿಗೆ ಕೇಳುವಂತೆ ಹೇಳಿದಳು. ನಾನು ನಿಂತಾಗಲೆಲ್ಲ ನಿಂತಳು, ಒಮ್ಮೆಯೂ ಗಡಿಯಾರ ನೋಡಲಿಲ್ಲ. ಸಂಜೆ ಒಬ್ಬ ತಂದೆ ನೀರಿನ ಪಕ್ಕದಲ್ಲೇ ಬಹಿರ್ದೆಸೆಗೆ ಹೊರಟಾಗ ಸಣ್ಣ ಗುದ್ದಲಿಯೊಂದನ್ನು ಕೈಗಿತ್ತು, ನೀರಿನಿಂದ 70 ಹೆಜ್ಜೆ ದೂರ, ಒಂದು ಗೇಣಿನಷ್ಟು ಆಳ, ಮುಚ್ಚಿ ಬನ್ನಿ ಎಂದು ಅತ್ಯಂತ ಗಂಭೀರವಾಗಿ ಹೇಳಿ ಕಳುಹಿಸಿದಳು. ಆ ಮನುಷ್ಯ ಯಾವುದೋ ಕಚೇರಿಯ ದೊಡ್ಡ ಅಧಿಕಾರಿ. ಎಣಿಸುತ್ತಾ ಹೋದರು.

ಅಂದು ರಾತ್ರಿ ಪ್ರಥಮ ಚಿಕಿತ್ಸಾ ಪೆಟ್ಟಿಗೆ ತೆರೆದು ನೋಡಿದೆ. ಚೆನ್ನಾಗಿ ಜೋಡಿಸಿತ್ತು. ಓಆರ್‌ಎಸ್ ಪೊಟ್ಟಣಗಳಲ್ಲಿ ಎರಡರ ಅವಧಿ ಮುಗಿದಿತ್ತು. ತೋರಿಸಿದಾಗ ಮಾರ್ಗದರ್ಶಕಿ ವಾದಿಸಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡು ಅವನ್ನು ಬೇರೆ ಚೀಲಕ್ಕೆ ಹಾಕಿದರು. ಆಮೇಲೆ ನಾನು ಕೇಳಿದೆ, ಐದನೆಯ ದಿನ 50 ನಿಮಿಷ ಬಾಯಿ ಮುಚ್ಚಿಕೊಂಡು ಹೇಗಿದ್ದಿರಿ?

"ಕಷ್ಟವಾಯಿತು ಮೇಡಂ," ಎಂದರು. "ಹತ್ತು ನಿಮಿಷಕ್ಕೊಮ್ಮೆ ಲೆಕ್ಕ ಹಾಕುತ್ತಿದ್ದೆ. ಈಗ ಹಿಂತಿರುಗಿದರೆ ಬೆಳಕಿದೆಯೇ, ನೀರಿದೆಯೇ, ಮಕ್ಕಳ ಕಾಲಲ್ಲಿ ಶಕ್ತಿಯಿದೆಯೇ. ಇದೆ ಅನಿಸುವ ತನಕ ಸುಮ್ಮನಿದ್ದೆ." ಸ್ವಲ್ಪ ತಡೆದು, "ನಿಮ್ಮ ಮಗಳಿಗೆ ಮನೆಯಲ್ಲಿ ಇದು ಮತ್ತೆ ಬರುತ್ತದೆ. ಆಗ ಮಾತನಾಡಲು ಯಾರಾದರೂ ಬೇಕಾಗುತ್ತದೆ," ಎಂದರು.

ಸರಿಯಾಗಿ ಹೇಳಿದ್ದರು. ಅವರ ಸಂಸ್ಥೆಗೆ ಮಾತ್ರ ಅದು ಕೇಳಿಸಿರಲಿಲ್ಲ.

ಮನೆಗೆ ಬಂದ ಮಗಳು ಮೊದಲ ವಾರ ಹರಟಿದಳು, ಎರಡನೆಯ ವಾರ ಸುಮ್ಮನಾದಳು. ಆಟದ ತಂಡದ ನಾಯಕಿಯ ಸ್ಥಾನ ಬಿಟ್ಟುಕೊಟ್ಟಳು. ತರಗತಿಯಲ್ಲಿ ಕೈ ಎತ್ತುತ್ತಿಲ್ಲ ಎಂದು ಶಿಕ್ಷಕಿ ಫೋನ್ ಮಾಡಿದರು. ಗೆಳತಿಯರ ಫೋನ್‌ಗಳು ಕಡಿಮೆಯಾದವು. ಒಂದು ರಾತ್ರಿ, ನಾನು ಪಾಳಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಾಗ, ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದಳು: "ನಾನು ಯಾವಾಗಲೂ ಹಾಗೇ ಇದ್ದೆನೇ ಅಮ್ಮ?" ಇಲ್ಲ ಎಂದರೆ ಸುಳ್ಳು. ಹೌದು ಎಂದರೆ, ಅಷ್ಟು ವರ್ಷ ಅದನ್ನೇ ಹೊಗಳಿದವಳು ನಾನು. ನೀರು ಹರಿಯುತ್ತಲೇ ಇತ್ತು. ಮಲಗು ಹೋಗು, ನಾಳೆ ಮಾತನಾಡೋಣ ಎಂದೆ.

ಕರಪತ್ರದ ಪ್ರಕಾರ ಆರು ತಿಂಗಳು, ತಿಂಗಳಿಗೊಮ್ಮೆ, ಮಾರ್ಗದರ್ಶಕರು ಫೋನ್ ಮಾಡಬೇಕು. ಮೊದಲ ತಿಂಗಳ ಕರೆ ಬರಲೇ ಇಲ್ಲ. ಎರಡನೆಯ ತಿಂಗಳು ಬಂತು. ಮಾತನಾಡಿದವರು ಶಿಬಿರದಲ್ಲಿ ಇದ್ದವರೇ ಅಲ್ಲ. ಮಗಳ ಹೆಸರನ್ನು ತಪ್ಪಾಗಿ ಹೇಳಿದರು, ಅನುಭವ ಅದ್ಭುತವಾಗಿತ್ತಲ್ಲವೇ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮುಂದಿನ ಹಂತದ ಶಿಬಿರಕ್ಕೆ ಈ ವಾರವೇ ಹೆಸರು ಕೊಟ್ಟರೆ ರಿಯಾಯಿತಿ ಎಂದರು. ಮಾರ್ಗದರ್ಶಕಿಯೊಂದಿಗೆ ಮಾತನಾಡಬೇಕು ಎಂದಳು ಮಗಳು. ಅವರು ಆ ಋತುವಿಗಷ್ಟೇ ಕೆಲಸಕ್ಕಿದ್ದವರು, ಈಗಿಲ್ಲ. ಮೂರನೆಯ ತಿಂಗಳು ಕರೆಯಿಲ್ಲ, ಆಮೇಲೆ ಯಾರೂ ಲೆಕ್ಕ ಇಡಲಿಲ್ಲ.

ನಮ್ಮಲ್ಲಿ ಪಾಳಿ ಬದಲಾಗುವಾಗ ಒಂದು ಕ್ರಮವಿದೆ. ಮನೆಗೆ ಹೋಗುವವಳು ಬರುವವಳನ್ನು ಹಾಸಿಗೆಯಿಂದ ಹಾಸಿಗೆಗೆ ಕರೆದೊಯ್ದು ಒಪ್ಪಿಸುತ್ತಾಳೆ: ಇವರಿಗೆ ಹೊಲಿಗೆ ಹಾಕಿ ಮೂರು ದಿನ, ಇವರು ರಾತ್ರಿ ಎದ್ದು ಕೂರುತ್ತಾರೆ, ಇವರು ನೋವಿದ್ದರೂ ಹೇಳುವುದಿಲ್ಲ, ನೀನೇ ಕೇಳಬೇಕು. ಬಸ್ಸಿಗೆ ಹೊತ್ತಾಯಿತೆಂದು ಒಪ್ಪಿಸದೆ ಹೋದವಳಿಗೆ ಮರುದಿನ ನಮ್ಮ ಹಿರಿಯ ಸಿಸ್ಟರ್ ಬಾಯಿಗೆ ಬಂದಂತೆ ಅನ್ನುತ್ತಿದ್ದರು. ಈ ಶಿಬಿರದವರು ನನ್ನ ಮಗಳನ್ನು ನನಗೆ ಒಪ್ಪಿಸಲಿಲ್ಲ. ಬಸ್ಸಿನಿಂದ ಇಳಿಸಿದರು, ಅಷ್ಟೇ. ಗಾಯ ತೆರೆದು ತೊಳೆದದ್ದು ಸರಿಯಾಗಿಯೇ ಇತ್ತು, ನಾನಾಗಿದ್ದರೆ ಅಷ್ಟು ಚೆನ್ನಾಗಿ ತೊಳೆಯುತ್ತಿರಲಿಲ್ಲ. ಪಟ್ಟಿ ಬದಲಿಸುವವರು ಯಾರು ಎಂದು ಯಾರೂ ಯೋಚಿಸಿರಲಿಲ್ಲ.

ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1997ರಲ್ಲಿ ಜಾನ್ ಹ್ಯಾಟಿ ಮತ್ತು ಸಂಗಡಿಗರು ಇಂಥ ಸಾಹಸ ಶಿಬಿರಗಳ ಕುರಿತ 96 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಸಾಮಾನ್ಯವಾಗಿ ತರಬೇತಿ ಮುಗಿದ ಮೇಲೆ ಕಲಿತದ್ದು ಸೋರಿಹೋಗುತ್ತದೆ. ಇಲ್ಲಿ ಹಾಗಾಗದೆ, ಶಿಬಿರ ಮುಗಿದ ಮೇಲೂ ಪರಿಣಾಮ ಇನ್ನಷ್ಟು ಬೆಳೆದದ್ದು ಕಂಡಿತಂತೆ. ಓದಿ ಸಮಾಧಾನವಾಯಿತು, ಜೊತೆಗೆ ಸಿಟ್ಟೂ ಹೆಚ್ಚಿತು. ಬೆಳೆಯುವುದು ಆಮೇಲೆಯೇ ಆದರೆ, ಫೋನ್ ಮಾಡಬೇಕಾದದ್ದೂ ಆಮೇಲೆಯೇ ಅಲ್ಲವೇ? ಋತು ಮುಗಿದೊಡನೆ ಕೆಲಸದವರನ್ನು ಬಿಡಿಸಿ ಕಳುಹಿಸುವುದು ಈ ಕ್ಷೇತ್ರದಲ್ಲಿ ಮಾಮೂಲು, ಅದರ ಹಿಂದಿನ ಹಣದ ಲೆಕ್ಕ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಕರಪತ್ರದಲ್ಲಿ ನಡಿಗೆ, ಶಿಬಿರ ಎಂದು ಬರೆಯಲಿ. ಮಾರ್ಗದರ್ಶನ ಎಂದು ಹನ್ನೊಂದು ಸಲ ಬರೆಯುವುದು ಬೇಡ.

ದೂರು ಬರೆದು ಕಳುಹಿಸಿದೆ. ವಿಷಾದದ ಉತ್ತರ ಬಂತು, ಯಾವ ದೂರಿಗೂ ಹೊಂದುವಂಥದು.

ಐದನೆಯ ತಿಂಗಳಲ್ಲಿ ಮಗಳಿಗೆ ಒಂದು ಅಂಚೆ ಬಂತು. ಶಿಬಿರದ ಕೊನೆಯ ರಾತ್ರಿ ಪ್ರತಿಯೊಬ್ಬರೂ ತಮಗೆ ತಾವೇ ಬರೆದು ಅಂಟಿಸಿ ಕೊಟ್ಟ ಕಾಗದ. ಮೂರು ತಿಂಗಳಿಗೆ ಕಳುಹಿಸುತ್ತೇವೆ ಎಂದಿದ್ದರು, ಎರಡು ತಿಂಗಳು ತಡ. ವಿಳಾಸ ಅವಳದೇ ಅಕ್ಷರ, ಹಸಿರು ಶಾಯಿ. ಮೆಟ್ಟಿಲ ಮೇಲೆ ಕೂತು ಓದಿದಳು. ಒಂದೇ ಪುಟ ಇದ್ದಿರಬೇಕು, ಓದಿದ್ದು ಮಾತ್ರ ಬಹಳ ಹೊತ್ತು. ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಬಾಯಿ ಮುಚ್ಚಿಕೊಂಡಿರುವುದನ್ನು ನಾನೂ ಸ್ವಲ್ಪ ಕಲಿತಿದ್ದೇನೆ.

ಆಮೇಲೆ ಒಮ್ಮೆಲೇ ಏನೂ ಆಗಲಿಲ್ಲ. ತಂಡದ ನಾಯಕಿಯ ಸ್ಥಾನವನ್ನು ಅವಳು ಮತ್ತೆ ಕೇಳಿಲ್ಲ. ಹೊಸ ನಾಯಕಿಗೆ ಅವಳೇ ಬಾಲವಂತೆ, ಅದೊಂದು ಹುದ್ದೆಯಂತೆ ಹೇಳಿಕೊಳ್ಳುತ್ತಾಳೆ. ಮನೆಯಲ್ಲಿ ಮಾತ್ರ ಒಂದು ಪದ್ಧತಿ ಬಂದಿದೆ. ರಜೆಗೆ ಎಲ್ಲಿಗೆ ಹೋಗುವುದು, ಗೋಡೆಗೆ ಯಾವ ಬಣ್ಣ ಎಂದು ಜಗಳ ಹತ್ತಿದರೆ ಅವಳು ಮೇಜಿನ ಮೇಲೆ ಕಾಗದ ಹರಡುತ್ತಾಳೆ. ಯಾರೂ ಮಾತನಾಡಬಾರದು, ಬೆರಳಿಡಿ. ಅವಳ ತಮ್ಮನ ಬೆರಳು ಯಾವಾಗಲೂ ಎಲ್ಲರಿಗಿಂತ ದೂರದಲ್ಲಿರುತ್ತದೆ. ಏಕೆ ಎಂದು ಅವನನ್ನು ಕೇಳುವುದು ಅವಳೇ. ಒಂಬತ್ತು ವರ್ಷದ ಆ ಹುಡುಗ ಈಗ ಉದ್ದುದ್ದ ಕಾರಣ ಕೊಡಲು ಕಲಿತಿದ್ದಾನೆ, ಊಟ ತಣ್ಣಗಾಗುತ್ತದೆ.

ಕಳುಹಿಸಬೇಕೋ ಬೇಡವೋ ಎಂದು ಕೇಳುವವರಿಗೆ ಹೇಳುವುದು ಇಷ್ಟು. ಬಂಡೆ ಎಷ್ಟು ಎತ್ತರ, ಹೊಳೆ ಎಷ್ಟು ರಭಸ ಎಂದು ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ಪೆಟ್ಟಾದರೆ ರಸ್ತೆಗೆ ಎಷ್ಟು ಗಂಟೆ ಎಂದು ಕೇಳಿ. ತಡವರಿಸದೆ ಉತ್ತರ ಬಂದರೆ ಮುಂದಿನದನ್ನು ಕೇಳಿ: ಶಿಬಿರದಲ್ಲಿ ಮಗುವಿನ ಜೊತೆ ನಡೆಯುವವರು ಮೂರು ತಿಂಗಳ ನಂತರವೂ ನಿಮ್ಮಲ್ಲಿ ಕೆಲಸಕ್ಕಿರುತ್ತಾರೆಯೇ? ಇಲ್ಲದಿದ್ದರೆ ಫೋನ್ ಮಾಡುವವರು ಯಾರು, ಅವರು ಮಗುವನ್ನು ಒಮ್ಮೆಯಾದರೂ ನೋಡಿರುತ್ತಾರೆಯೇ? ಮನಸ್ಸಿಗೆ ನಿಜವಾದ ಏಟು ಬಿದ್ದು ಚಿಕಿತ್ಸೆಯಲ್ಲಿರುವ ಮಗುವನ್ನು ಇಂಥಲ್ಲಿಗೆ ಮದ್ದೆಂದು ಕಳುಹಿಸಬೇಡಿ, ಅದು ಅವರ ವಿದ್ಯೆಯಲ್ಲ. ಒತ್ತಾಯದಿಂದಲೂ ಬೇಡ. ಇವರ ತಂಡದಲ್ಲಿ ಅಪ್ಪನ ಹಟಕ್ಕೆ ಬಂದ ಒಬ್ಬ ಹುಡುಗನಿದ್ದ, ಹಗ್ಗದಲ್ಲಿ ಬಂಡೆ ಇಳಿಯುವುದಿಲ್ಲ ಎಂದ. ಯಾರೂ ತಳ್ಳಲಿಲ್ಲ, ಹೇಡಿ ಎನ್ನಲಿಲ್ಲ. ಅಂಚಿನ ತನಕ ಬಂದು ಕೆಳಗೆ ನೋಡಿದ, ಅಂದಿಗೆ ಅವನ ಸಾಹಸ ಅಲ್ಲಿಗೆ ಮುಗಿಯಿತು ಎಂದು ಒಪ್ಪಿಕೊಂಡರು. ಉಳಿದವರ ಕೊಂಡಿಗಳನ್ನು ಪರೀಕ್ಷಿಸಿ ಕೂಗಿ ಹೇಳುವ ಕೆಲಸ ಅವನಿಗೆ ಕೊಟ್ಟರು. ಮಾರ್ಗದರ್ಶಕರು ಮತ್ತೊಮ್ಮೆ ಪರೀಕ್ಷಿಸುತ್ತಿದ್ದರು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನಂಥವರಿಗೆ ನಿದ್ದೆ ಬರುವುದಿಲ್ಲ.

ಮಗಳಿಗೆ ಈಗ ಮುಂದಿನ ಹಂತಕ್ಕೆ, 21 ದಿನಕ್ಕೆ, ಹೋಗಬೇಕಂತೆ. ಅರ್ಜಿ ನನ್ನ ಮೇಜಿನ ಮೇಲಿದೆ. ಅವಳ ಭಾಗವನ್ನು ಅವಳು ತುಂಬಿದ್ದಾಳೆ. ಪೋಷಕರ ನಿರೀಕ್ಷೆಗಳೇನು ಎಂಬ ಜಾಗದಲ್ಲಿ ನಾನು ಬರೆದದ್ದು: ಮುಗಿದ ಮೂರನೆಯ ವಾರ ಒಮ್ಮೆ, ಎರಡನೆಯ ತಿಂಗಳು ಒಮ್ಮೆ, ಜೊತೆಯಲ್ಲಿ ನಡೆದವರೇ ಫೋನ್ ಮಾಡಬೇಕು. ಇದಕ್ಕೆ ಒಪ್ಪಿಗೆಯೆಂದು ಬರೆದುಕೊಟ್ಟರೆ ಸಹಿ ಮಾಡುತ್ತೇನೆ ಎಂದು ಅದರ ಪ್ರತಿಯನ್ನು ಅವರಿಗೆ ಕಳುಹಿಸಿ ಹತ್ತು ದಿನವಾಯಿತು. ಉತ್ತರ ಬಂದಿಲ್ಲ. ಅವಳು ಮಾತ್ರ ದಿನವೂ ಸಂಜೆ ಹೊಸ ಬೂಟು ಹಾಕಿಕೊಂಡು ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ.